ಆಯಿಗೆ ಕೇಳುವಂತೆ ಉಂಡದ್ದು

ಕೊಟ್ಟಾಯಂಗೆ ಬಂದ ಎರಡನೆಯ ದಿನ ಬೆಳಿಗ್ಗೆ ಏಳು ಗಂಟೆಗೆ, ಬಸ್ ನಿಲ್ದಾಣದ ಪಕ್ಕದ ಅಂಗಡಿಯ ಮುಂದೆ ದನದ ತೊಡೆಯೊಂದು ಕೊಕ್ಕೆಗೆ ತೂಗುತ್ತಿತ್ತು. ಅದರ ಕೆಳಗೆ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟ ಹೆಂಗಸೊಬ್ಬಳು ನಿಂತಿದ್ದಳು. ಶಾಲೆಗೆ ಹೊರಟ ಟೀಚರ್ ಇರಬೇಕು, ಕಂಕುಳಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಇತ್ತು. ಮಾಂಸವನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಂಡು ಬಸ್ ಹತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಒಳಗಿರುವುದೇನೆಂದು ಎಲ್ಲರಿಗೂ ಕಾಣುತ್ತಿತ್ತು. ಪಕ್ಕದಲ್ಲಿದ್ದವರು ಯಾರೂ ಸರಿದು ಕೂರಲಿಲ್ಲ. ನಾನು ಮಾತ್ರ ಕಣ್ಣು ತಗ್ಗಿಸಿದೆ, ಯಾರೋ ಸ್ನಾನ ಮಾಡುವುದನ್ನು ಅಕಸ್ಮಾತ್ತಾಗಿ ನೋಡಿಬಿಟ್ಟವಳ ಹಾಗೆ.

ನಮ್ಮಲ್ಲಿ ನಾನು ಅದನ್ನು ಹೀಗೆ ಬಯಲಿನಲ್ಲಿ ಕಂಡಿದ್ದೇ ಇಲ್ಲ. ಬೆಳಗಾವಿ ಕಡೆಯ ನಮ್ಮೂರು ದಡ್ಡಿಯಲ್ಲಿ ಆಯಿಯ ಮನೆಗೆ ಅದು ಬರುತ್ತಿದ್ದದ್ದು ಬುಟ್ಟಿಯ ತಳದಲ್ಲಿ, ಎಲೆಯಲ್ಲಿ ಸುತ್ತಿಕೊಂಡು. ಅದರ ಮೇಲೆ ಹಳೆಯ ಟವೆಲು, ಟವೆಲಿನ ಮೇಲೆ ಮೆಂತೆ ಸೊಪ್ಪಿನ ಕಟ್ಟುಗಳು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಹಿಡಕಲ್ ಅಣೆಕಟ್ಟಿನ ನೀರಾವರಿ ಇಲಾಖೆಯಲ್ಲಿದ್ದರು, ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲಿ ಬೆಳೆದೆವು. ಕ್ವಾರ್ಟರ್ಸಿನ ಗೋಡೆಗಳು ತೆಳು, ನೆರೆಯವರು ಒಳ್ಳೆಯವರು. ಹಾಗಾಗಿ ಅವ್ವ ಅಲ್ಲಿ ಅದನ್ನು ಒಮ್ಮೆಯೂ ಬೇಯಿಸಲಿಲ್ಲ. ತಿಂಗಳಿಗೊಂದು ರವಿವಾರ ದಡ್ಡಿಗೆ ಹೋಗುತ್ತಿದ್ದೆವು, ಉಂಡು ಬರುತ್ತಿದ್ದೆವು, ಬರುವಾಗ ದಾರಿಯಲ್ಲಿ ಏಲಕ್ಕಿ ಅಗಿಯುತ್ತಿದ್ದೆವು. ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. 'ಅದು' ಎನ್ನುತ್ತಿದ್ದೆವು, ಅಷ್ಟೇ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಕೊಟ್ಟಾಯಂನಲ್ಲಿ ನೀರು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತು. ಬಾವಿಯ ನೀರು, ಕಾರ್ಖಾನೆಯ ನೀರು, ಬಾಟಲಿಯ ನೀರು ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಎಲ್ಲದರಲ್ಲೂ ಏನಿದೆ, ಎಷ್ಟಿದೆ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಬಣ್ಣವಿಲ್ಲದ್ದರಲ್ಲಿ ಏನು ಅಡಗಿದೆ ಎಂದು ಹುಡುಕುವುದು ನನಗೆ ಒಗ್ಗಿದ ವಿದ್ಯೆ.

ಮನೆ ಹುಡುಕುವುದೂ ಒಂದು ವಿದ್ಯೆಯೇ. ಧಾರವಾಡದಲ್ಲಿ ಕಲಿತಿದ್ದೆ. ಅಲ್ಲಿ ಮೊದಲ ಪ್ರಶ್ನೆ ಊರು ಯಾವುದು, ಎರಡನೆಯದು ಅಡ್ಡಹೆಸರು ಏನು, ಮೂರನೆಯದು ಏನು ತಿನ್ನುತ್ತೀರಿ. ಮೊದಲೆರಡಕ್ಕೆ ನಿಜ ಹೇಳಿ ಎರಡು ಮನೆ ಕಳೆದುಕೊಂಡಿದ್ದೆ. ಮೂರನೆಯ ಮನೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿದ್ಧವಿತ್ತು. ಎರಡು ವರ್ಷ ಅಲ್ಲಿ ಮೊಟ್ಟೆ ಕೂಡ ಒಡೆಯಲಿಲ್ಲ.

ಕೊಟ್ಟಾಯಂನಲ್ಲಿ ಸಿಕ್ಕ ಮನೆ ಹಂಚಿನದು, ಹಿತ್ತಲಲ್ಲಿ ಹಲಸು, ಬಾವಿ, ಬಾವಿಯ ಪಕ್ಕ ನನ್ನ ಒಂದು ಕೋಣೆ ಮತ್ತು ಪುಟ್ಟ ಅಡುಗೆಮನೆ. ಮುಂದಿನ ಭಾಗದಲ್ಲಿ ಮನೆಯೊಡತಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಕ್ರೈಸ್ತ ವಿಧವೆ, ಬಿಳಿಯ ರವಿಕೆ, ಬಿಳಿಯ ಪಂಚೆಯ ಚಟ್ಟೆ ಮುಂಡು ಉಟ್ಟುಕೊಂಡು ಬೆನ್ನು ನೆಟ್ಟಗಿಟ್ಟು ನಡೆಯುವವರು. ಎಲ್ಲರೂ ಅವರನ್ನು ಅಮ್ಮಚ್ಚಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಕೋಣೆ ತೋರಿಸಿ, ಬಾವಿಯ ಹಗ್ಗ ತೋರಿಸಿ, ಕೊನೆಗೆ ಕೇಳಿದರು: "ಬೀಫ್ ಕಳಿಕ್ಕುಮೋ?" ತಿನ್ನುತ್ತೀಯಾ ಎಂದು.

'ಇಲ್ಲ' ಎಂದೆ. ಆ ಪದ ಎರಡೂ ಭಾಷೆಗಳಲ್ಲಿ ಒಂದೇ. ನಾನು ಯೋಚಿಸಲೂ ಇಲ್ಲ. ಪ್ರಶ್ನೆ ಕೇಳಿಸಿದ ಕೂಡಲೇ ಉತ್ತರ ಬಾಯಿಂದ ಹೊರಬಿತ್ತು, ಕಣ್ಣಿನ ಮುಂದೆ ಕೈ ಆಡಿಸಿದರೆ ರೆಪ್ಪೆ ಮುಚ್ಚುವ ಹಾಗೆ. ಅಮ್ಮಚ್ಚಿ ಕೇಳಿದ್ದು ನನಗೆ ಕೊಡಬಹುದೇ ಎಂದು ತಿಳಿಯಲು ಎಂಬುದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅವರ ಮುಖ ಸ್ವಲ್ಪ ಬಾಡಿತು, ಆಮೇಲೆ ಗಂಭೀರವಾಯಿತು. ಹಾಗಾದರೆ ನಿನಗೆ ಬೇರೆ ಪಾತ್ರೆ ಇಡುತ್ತೇನೆ ಎಂದರು.

ಇಟ್ಟರು. ಹೊಸ ಸೌಟು ತಂದರು. ರವಿವಾರ ಚರ್ಚಿನಿಂದ ಬಂದ ಮೇಲೆ ಅವರ ಮನೆಯಲ್ಲಿ ಅಪ್ಪಂ ಮತ್ತು ಸ್ಟ್ಯೂ. ಅಪ್ಪಂ ಎಂದರೆ ನಡು ದಪ್ಪ, ಅಂಚು ತೆಳುವಾದ ಅಕ್ಕಿಯ ದೋಸೆ. ಸ್ಟ್ಯೂ ಎಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಬಿಳಿಯ ಸಾರು, ಅದರಲ್ಲಿ ದನದ ಮಾಂಸ, ಆಲೂಗಡ್ಡೆ, ಕಾಳುಮೆಣಸು. ನನಗಾಗಿ ಮಾಂಸವಿಲ್ಲದ್ದನ್ನು ಬೇರೆ ಒಲೆಯಲ್ಲಿ ಮಾಡಿ ಬಟ್ಟಲು ತುಂಬಿ ಕಳಿಸುತ್ತಿದ್ದರು. ನಿನ್ನದನ್ನು ಮುಟ್ಟುವ ಮೊದಲು ನಾನು ಕೈ ತೊಳೆದುಕೊಂಡೆ ಎಂದು ಕಿಟಕಿಯಿಂದಲೇ ಹೇಳುತ್ತಿದ್ದರು. ಅವರ ಕಡೆಯಿಂದ ಬರುವ ವಾಸನೆ ಮೂಗಿಗೆ ಬಡಿದಾಗ ನಾನು ಆಲೂಗಡ್ಡೆ ತಿನ್ನುತ್ತಿದ್ದೆ. ಬಟ್ಟಲನ್ನು ಖಾಲಿ ಮರಳಿಸುವ ಪದ್ಧತಿ ಅಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಗೋಕಾಕದ ಕರದಂಟು, ಅವ್ವ ಕಳಿಸಿದ ಶೇಂಗಾ ಹೋಳಿಗೆ, ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದೆ.

ಹೀಗೆ ಹದಿನಾಲ್ಕು ತಿಂಗಳು. ಬಸ್ಸಿನ ಬೋರ್ಡು ಓದುವುದು ಬಂತು. ದಪ್ಪನೆಯ ಕೆಂಪು ಕುಚ್ಚಲಕ್ಕಿಯ ಅನ್ನ ಗಂಟಲಲ್ಲಿ ಇಳಿಯತೊಡಗಿತು. ಜೋಳದ ಹಿಟ್ಟು ಎಲ್ಲಿಯೂ ಸಿಗದೆ, ಅವ್ವ ಕಳಿಸುವ ಖಡಕ್ ರೊಟ್ಟಿಯನ್ನು ದಿನಕ್ಕೊಂದರಂತೆ ತಿಂದೆ. ನಮ್ಮ ಕಡೆ ಬಿಸಿಲು ನೇರವಾಗಿ ತಲೆಯ ಮೇಲೆ ಬೀಳುತ್ತದೆ, ಇಲ್ಲಿ ಎಲೆಗಳ ನಡುವಿನಿಂದ ಸೋಸಿಕೊಂಡು ಬರುತ್ತದೆ. ನಮ್ಮಲ್ಲಿ ಅರ್ಧ ಫರ್ಲಾಂಗು ದೂರದಿಂದಲೇ ಕೂಗಿ ಮಾತಾಡಿಸುತ್ತಾರೆ, ಇಲ್ಲಿ ಗೇಟಿನ ಹತ್ತಿರ ಬಂದು ಕೆಮ್ಮುತ್ತಾರೆ. ನನ್ನಂಥವಳಿಗೆ ಅದು ಒಳ್ಳೆಯದೇ ಇತ್ತು. ಕೆಲವು ರವಿವಾರ ಪೂರ್ತಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಆಯಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದದ್ದು ಆಗಲೇ. ಅಷ್ಟರಲ್ಲಿ ಅಪ್ಪ ನಿವೃತ್ತರಾಗಿ, ಗೋಕಾಕದಲ್ಲಿ ಒಂದು ಮನೆಯ ಮೇಲಿನ ಅಂತಸ್ತನ್ನು ಬಾಡಿಗೆಗೆ ಹಿಡಿದು, ಆಯಿಯನ್ನೂ ದಡ್ಡಿಯಿಂದ ಕರೆತಂದಿದ್ದರು. ಕೆಳಗೆ ಮನೆಯ ಮಾಲಕರು, ವಯಸ್ಸಾದ ಜೈನ ದಂಪತಿ. ಬಾಡಿಗೆಗೆ ಕೊಡುವಾಗಲೇ ಮಾಲಕರು ಮೆಲ್ಲಗೆ ಹೇಳಿದ್ದರಂತೆ, ನಮ್ಮಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಸೈತ ಇಲ್ರಿ, ನೀವು ಹಾಕ್ಕೋರಿ, ಆದರ ಖಂಡ-ಮೀನ ಮಾತ್ರ ಬ್ಯಾಡ ಎಂದು. ಅಪ್ಪ ಒಪ್ಪಿದ್ದರು. ಮಾಲಕರು ಒಳ್ಳೆಯ ಮನುಷ್ಯ. ಆಯಿಗೆ ಮೆಟ್ಟಿಲು ಹತ್ತಲು ಕಷ್ಟವೆಂದು ಕೈಹಿಡಿಯುವ ಕಂಬಿ ಹಾಕಿಸಿದರು. ದಿನವೂ ಮೊಸರನ್ನ ಕಳಿಸುತ್ತಿದ್ದರು.

ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಇನ್ನು ಔಷಧ ಬೇಡ, ಅವರಿಗೆ ಬೇಕಾದ್ದು ಉಣ್ಣಿಸಿ ಎಂದರು. ಅಪ್ಪ ಒಳಗೆ ಬಂದು ಆಯಿಯನ್ನು ಏನು ಬೇಕೆಂದು ಕೇಳಿದರು. ಆಯಿ 'ಅದು' ಎಂದಳು.

ಅದು ಆಗುವ ಮಾತಾಗಿರಲಿಲ್ಲ. ದನ ಕಡಿಯಬಾರದೆಂಬ ಕಾನೂನು ಬಂದ ಮೇಲೆ ದಡ್ಡಿಯಲ್ಲೂ ತರುವವರು ಉಳಿದಿರಲಿಲ್ಲ. ಸಿಕ್ಕರೂ ಬೇಯಿಸುವುದು ಎಲ್ಲಿ? ಅಪ್ಪ ಉಪಾಯ ಮಾಡಿದರು. ದವಾಖಾನೆಗೆಂದು ಹೇಳಿ ಆಯಿಯನ್ನು ಸಂಕೇಶ್ವರದ ಪರಿಚಯದವರ ಮನೆಗೆ ಕರೆದೊಯ್ದು, ಆಡಿನ ಮಾಂಸದ ಕೆಂಪು ಸಾರು ಮಾಡಿಸಿ, ಇದು ಅದೇ ಎಂದು ಮುಂದಿಟ್ಟರು. ಆಯಿ ತಾಟನ್ನು ಮೂಗಿನ ತನಕ ಎತ್ತಿ, ಕೆಳಗಿಟ್ಟು, ಮಗನ ಕಡೆ ನೋಡಿದಳಂತೆ. "ನನ್ನ ನಾಲಿಗಿ ಇನ್ನಾ ಸತ್ತಿಲ್ಲೋ ತಮ್ಮಾ. ಇದು ಆಡು." ಅರವತ್ತೊಂದು ವರ್ಷದ ಅಪ್ಪ ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ನಕ್ಕರು.

ಮರುದಿನ ಆಯಿಯೇ ಫೋನ್ ಮಾಡಿಸಿದಳು. ಅವ್ವ ಬಾಗಿಲು ಹಾಕಿ ಫೋನನ್ನು ಅವಳ ಕಿವಿಗೆ ಹಿಡಿದಿದ್ದಳು.

"ನೀ ಇರೂ ಊರಾಗ ಅದು ಸಿಗತೈತೇನು?"

"ಸಿಗತೈತಿ ಆಯಿ. ಕಿರಾಣಿ ಅಂಗಡಿ ಬಾಜೂಕನ ಐತಿ."

"ತಿಂತಿಯೇನು?"

"ಇಲ್ಲ. ತಿನ್ನೂದಿಲ್ಲಂತ ಮನಿ ಮಾಲಕರಿಗೆ ಹೇಳೇನಿ."

"ಅವರು ತಿನ್ನೂದಿಲ್ಲೇನು?"

"ಅವರು ತಿಂತಾರ."

ಆಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗತೊಡಗಿದಳು, ನಗು ಕೆಮ್ಮಾಯಿತು, ಅವ್ವ ನೀರು ಕುಡಿಸಿದ್ದು ಕೇಳಿಸಿತು. "ಹುಚ್ಚ ಖೋಡಿ, ಹೊಳಿ ದಂಡಿಗೆ ಕುಂತು ನೀರಡಿಸಿ ಸಾಯಾಕತ್ತೀಯಲ್ಲ" ಎಂದಳು. ಉಸಿರು ಹಿಡಿದು ಮತ್ತೆ ಹೇಳಿದಳು: "ನಾ ಹೇಳಿದಂಗ ಮಾಡು. ಮಾಡಿ ಉಣ್ಣು. ಉಂಡು, ಹೆಂಗಾಗೇತಿ ನನಗ ಹೇಳು. ನಾ ಉಂಡಂಗ ಆಗತೈತಿ. ಆದರ ಲಗೂನ ಮಾಡವಾ."

ಅಂದು ಅವಳು ಹೇಳಿದ್ದನ್ನೆಲ್ಲ ಪ್ರಯೋಗಾಲಯದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆ. ಮೊದಲು ಉಪ್ಪು, ಅರಿಸಿನ ಹಾಕಿ ಮಾಂಸವನ್ನು ಅದರ ನೀರಿನಲ್ಲೇ ಬೇಯಲು ಬಿಡಬೇಕು. ಆ ನೀರು ಇಂಗಿ ತಳ ಚುರುಗುಟ್ಟಿದ ಮೇಲೆ ಕುದಿಯುವ ನೀರು ಹಾಕಬೇಕು. ತಣ್ಣೀರು ಹಾಕಿದರೆ ಮಾಂಸ ಸೆಟೆದುಕೊಳ್ಳುತ್ತದೆ. ಉಳ್ಳಾಗಡ್ಡಿ ಮತ್ತು ಒಣ ಕೊಬ್ಬರಿಯನ್ನು ಕೆಂಡದಲ್ಲಿ ಕರ್ರಗೆ ಸುಡಬೇಕು. ಅದರ ಜೊತೆ ಬಳ್ಳೊಳ್ಳಿ, ಕೊತ್ತಂಬರಿ ಬೀಜ, ಗುರೆಳ್ಳು ಅರೆಯಬೇಕು. ನಮ್ಮ ಮಸಾಲೆ ಖಾರ. ಕೊನೆಗೆ ಹುರಿದ ಜೋಳದ ಹಿಟ್ಟನ್ನು ನೀರಲ್ಲಿ ಕದಡಿ ಹಾಕಿ ಸಾರು ಗಟ್ಟಿ ಮಾಡಬೇಕು. ಎಷ್ಟು ಉಪ್ಪು ಎಂದು ಕೇಳಿದೆ. ಕೈಗೆ ಗೊತ್ತಾಗತೈತಿ ಎಂದಳು. ಯಾರ ಕೈಗೆ ಎಂದು ನಾನು ಕೇಳಲಿಲ್ಲ.

ಬೇಯಿಸಬೇಕಾದರೆ ಮೊದಲು ಅಮ್ಮಚ್ಚಿಗೆ ನಿಜ ಹೇಳಬೇಕು. ಕದ್ದು ಬೇಯಿಸಬಹುದಿತ್ತು, ನಮಗೆ ಅದು ಬರುತ್ತದೆ. ಆದರೆ ದನದ ಮಾಂಸವನ್ನು ತಿನ್ನುವವರ ಮನೆಯಲ್ಲಿ ಕದ್ದು ಬೇಯಿಸುವುದು ನನಗೇ ಹುಚ್ಚು ಎನಿಸಿತು. ಶುಕ್ರವಾರ ಸಂಜೆ ಅವರು ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾಗ ಹೋಗಿ ಕುಳಿತೆ. ಹರಕು ಮಲಯಾಳಂನಲ್ಲಿ ಹೇಳಿದೆ. ಸುಳ್ಳು ಹೇಳಿದ್ದೆ, ನಾನು ತಿನ್ನುತ್ತೇನೆ, ನನ್ನ ಅಜ್ಜಿ ಸಾಯುತ್ತಿದ್ದಾಳೆ, ಅವಳ ಅಡುಗೆ ಮಾಡಬೇಕು.

"ಎಂದಿನಾ ಮೋಳೇ?" ಎಂದರು. ಯಾಕೆ ಮಗಳೇ ಎಂದು. ಅವರ ಕೈಯಲ್ಲಿನ ಬೆಳ್ಳುಳ್ಳಿ ಹಾಗೆಯೇ ನಿಂತಿತ್ತು. ಹದಿನಾಲ್ಕು ತಿಂಗಳು ಬೇರೆ ಒಲೆ ಹೊತ್ತಿಸಿದ್ದು, ಬೇರೆ ಸೌಟು ಹಿಡಿದದ್ದು ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಯಾಕೆ ಎಂಬುದಕ್ಕೆ ಉತ್ತರ ಕೊಡಬೇಕಾದರೆ ನಮ್ಮ ಊರು, ಬುಟ್ಟಿ, ಧಾರವಾಡದ ಮೂರು ಮನೆ ಎಲ್ಲ ಹೇಳಬೇಕಾಯಿತು. ನಾವು ಯಾವ ಜನ ಎಂಬುದನ್ನೂ ಹೇಳಬೇಕಾಯಿತು. ಅಲ್ಲಿಯವರೆಗೆ ಅವರು ಅದನ್ನು ಕೇಳಿರಲಿಲ್ಲ. ಓದಿದ ಹುಡುಗಿ, ಮಾಂಸ ತಿನ್ನದವಳು, ಹಾಗಾಗಿ ಇಂಥವಳೇ ಇರಬೇಕು ಎಂದು ತಮ್ಮೊಳಗೇ ನಿರ್ಧರಿಸಿಕೊಂಡಿದ್ದರೇನೋ. ಎಲ್ಲ ಕೇಳಿಸಿಕೊಂಡರು. ಬೆಳ್ಳುಳ್ಳಿ ಬಿಡಿಸಿ ಮುಗಿಸಿದರು. ಆಮೇಲೆ ಎದ್ದು ಒಳಗಿನಿಂದ ದಪ್ಪ ತಳದ ಪಾತ್ರೆ ತಂದುಕೊಟ್ಟು, ರವಿವಾರ ಬೆಳಿಗ್ಗೆ ಆರಕ್ಕೇ ಹೋಗು, ತಡವಾದರೆ ಒಳ್ಳೆಯದು ಉಳಿಯುವುದಿಲ್ಲ ಎಂದರು.

ಆ ರವಿವಾರ ಅಂಗಡಿಯವನು ಕೊಟ್ಟ ಒಳ್ಳೆಯ, ಎಲುಬಿಲ್ಲದ ಮಾಂಸವನ್ನು ತಂದು ಆಯಿ ಹೇಳಿದಂತೆಯೇ ಮಾಡಿದೆ. ಗ್ಯಾಸಿನ ಉರಿಯ ಮೇಲೆ ಕೊಬ್ಬರಿ ಸುಟ್ಟೆ. ಗುರೆಳ್ಳು, ಖಾರ ಅವ್ವ ಕಳಿಸಿದ್ದವೇ ಇದ್ದವು. ಜೋಳದ ಹಿಟ್ಟಿಲ್ಲದ್ದಕ್ಕೆ ಒಂದು ರೊಟ್ಟಿಯನ್ನು ಪುಡಿ ಮಾಡಿ ಹಾಕಿದೆ. ವಾಸನೆ ಸರಿಯಾಗಿತ್ತು, ಬಣ್ಣವೂ ಸರಿಯಾಗಿತ್ತು. ಬಾಯಿಗೆ ಇಟ್ಟರೆ ಮಾಂಸ ಬೆಣ್ಣೆಯಂತೆ ಕರಗಿಹೋಯಿತು. ಸಂತೋಷದಿಂದ ಫೋನ್ ಮಾಡಿದೆ. ಹಲ್ಲಿಗೆ ಕೆಲಸ ಕೊಡತೈತೇನು ಎಂದು ಆಯಿ ಕೇಳಿದಳು. ಇಲ್ಲ, ಭಾಳ ಮೆತ್ತಗೈತಿ ಎಂದೆ.

"ಹಂಗಾರ ಅದು ನಮ್ದಲ್ಲ" ಎಂದಳು.

ನಮಗೆ ಒಳ್ಳೆಯ ತುಂಡು ಯಾವತ್ತು ಬಂದಿತ್ತು, ಎಂದು ಆಮೇಲೆ ಬಿಡಿಸಿ ಹೇಳಿದಳು. ಹತ್ತು ವರ್ಷ ಹೊಲ ಉತ್ತ ಎತ್ತು, ಮುದಿ ಎಮ್ಮೆ, ಅದರಲ್ಲೂ ಯಾರೂ ಒಯ್ಯದೆ ಬಿಟ್ಟ ಕುತ್ತಿಗೆ, ಮೊಣಕಾಲು, ಪಕ್ಕೆಲುಬು. ಅದಕ್ಕೇ ಅರ್ಧ ದಿನದ ಬೆಂಕಿ, ಅದಕ್ಕೇ ಅಷ್ಟು ಖಾರ, ಅದಕ್ಕೇ ಹಿಟ್ಟು. ಬಾಲ್ಯದಲ್ಲಿ ನಾನು ಇಡೀ ರವಿವಾರ ಒಲೆಯ ಮುಂದೆ ಕಾದು ಕುಳಿತದ್ದು ಮಾಂಸದ ಆ ಮುಪ್ಪಿಗಾಗಿ ಎಂದು ನನಗೆ ಗೊತ್ತಿರಲಿಲ್ಲ. ನಾನು ಬರೆದುಕೊಂಡ ವಿಧಾನದಲ್ಲಿ ತಪ್ಪಿರಲಿಲ್ಲ. ಅದು ಒಳ್ಳೆಯ ಮಾಂಸಕ್ಕಾಗಿ ಹುಟ್ಟಿದ ವಿಧಾನವೇ ಆಗಿರಲಿಲ್ಲ.

ಮುಂದಿನ ರವಿವಾರದವರೆಗೆ ಕಾಯುವುದು ಕಷ್ಟವಾಯಿತು. ಆಯಿ ಈಗ ಚಹಾ ಮಾತ್ರ ಚಮಚೆಯಲ್ಲಿ ಕುಡಿಯುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಅಂಗಡಿಗೆ ಹೋಗಿ, ಕುತ್ತಿಗೆ ಮತ್ತು ಮೊಣಕಾಲಿನ ಎಲುಬು ಬೇಕು, ಮುದಿ ಪ್ರಾಣಿಯದು ಆದರೆ ಇನ್ನೂ ಒಳ್ಳೆಯದು ಎಂದೆ. ಅಂಗಡಿಯವನು ಕತ್ತಿ ಒರೆಸುತ್ತ ಸಹಜವಾಗಿ ಕೇಳಿದ: "ಪಟ್ಟಿಕ್ಕಾಣೋ?"

ಪಟ್ಟಿ ಎಂದರೆ ನಾಯಿ. ನಾಯಿಗಾ ಎಂದು ಕೇಳಿದ್ದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಆ ತುಂಡುಗಳನ್ನು ಅದಕ್ಕಲ್ಲದೆ ಯಾರೂ ಒಯ್ಯುವುದಿಲ್ಲವಂತೆ. ಹಿಂದೆ ನಾಲ್ಕು ಜನ ನಿಂತಿದ್ದರು. ಹೌದು ಎಂದುಬಿಡುವುದು ಬಹಳ ಸುಲಭವಿತ್ತು. "ಅಲ್ಲ, ಎನಿಕ್ಕಾಣ್" ಎಂದೆ. ಅಲ್ಲ, ನನಗೆ. ನಾನು ಹೊರನಾಡಿನಲ್ಲಿ ಗೆದ್ದದ್ದು ಏನಾದರೂ ಇದ್ದರೆ ಈ ಎರಡು ಪದ. ಮನೆ ತಲುಪುವವರೆಗೆ ಕಿವಿ ಬಿಸಿಯಾಗಿಯೇ ಇತ್ತು.

ಆ ದಿನ ಸಾರು ಒಲೆಯ ಮೇಲೆ ಐದು ತಾಸು ಇತ್ತು. ಮಧ್ಯಾಹ್ನ ಎರಡಕ್ಕೆ ಫೋನ್ ಮಾಡಿದೆ. ಆಯಿಯ ದನಿ ಸಣ್ಣಗಾಗಿತ್ತು, ಆದರೆ ಕೇಳುವುದನ್ನು ಬಿಟ್ಟಿರಲಿಲ್ಲ. ಎಣ್ಣೆ ಮೇಲೆ ಬಂದಿದೆಯೇ, ರೊಟ್ಟಿ ಮುರಿದು ನೆನೆಹಾಕಿದ್ದೇನೆಯೇ, ಎಲುಬಿನಲ್ಲಿ ಮಜ್ಜೆ ಇದೆಯೇ. ಇದೆ ಎಂದೆ.

"ಫೋನ ತಾಟಿನ ಬಾಜೂಕ ಇಡು. ಉಣ್ಣು. ಎಲಬಾ ಚೀಪಿದ್ದ ನನಗ ಕೇಳಬೇಕು."

ನಾನು ಸದ್ದಾಗದಂತೆ ಉಣ್ಣಲು ಕಲಿತವಳು. ಹಾಸ್ಟೆಲಿನಲ್ಲಿ, ಬಾಡಿಗೆಯ ಕೋಣೆಗಳಲ್ಲಿ, ಗೋಡೆಯ ಆಚೆಗೆ ಏನೂ ದಾಟದಂತೆ ಅಗಿದವಳು. ಒಂದು ಎಲುಬು ತೆಗೆದುಕೊಂಡು ಚೀಪಿದೆ.

"ಕೇಳವಲ್ದು. ಇನ್ನಾ ಜೋರ."

"ಆಯಿ, ಬಾಜೂದವರಿಗೆ ಕೇಳತೈತಿ."

"ಕೇಳಲಿ. ಅಲ್ಲಿ ನಿನ್ನ ಕೇಳವ್ರರ ಯಾರದಾರ?"

ಅವಳು ಧೈರ್ಯ ಹೇಳಲೆಂದೇ ಅಂದದ್ದು. ನಾನು ಜೋರಾಗಿ ಚೀಪಿದೆ, ಎಲುಬನ್ನು ತಾಟಿಗೆ ಕುಟ್ಟಿ ಮಜ್ಜೆ ಇಳಿಸಿಕೊಂಡೆ, ರೊಟ್ಟಿಯ ಚೂರಿನಿಂದ ಸಾರು ಬಳಿದೆ. ಮಾಂಸ ಹಲ್ಲಿಗೆ ಎದುರು ನಿಂತು, ಆಮೇಲೆ ಸೋತಿತು. ಆ ಕಡೆ ಆಯಿಯ ಬಾಯಿಯೂ ಆಡುತ್ತಿದೆ ಎಂದು ಅವ್ವ ಹೇಳಿದಳು. ತಾಟು ಪೂರ್ತಿ ಖಾಲಿ ಮಾಡಿದೆ. ಕೊನೆಗೆ ಆಯಿ, ಹೊಟ್ಟಿ ತುಂಬಿತು, ಇಡು, ಎಂದಳು.

ಸಂಜೆ ಅಮ್ಮಚ್ಚಿಗೆ ಒಂದು ಬಟ್ಟಲು ತುಂಬಿ ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡರು. ಮಂಗಳವಾರ ನಾನು ಕೆಲಸದಿಂದ ಬಂದಾಗ ಬಟ್ಟಲು ನನ್ನ ಬಾಗಿಲ ಬಳಿ ಇತ್ತು, ಬೂದಿಯಿಂದ ಉಜ್ಜಿ ಹೊಳೆಯುವಂತೆ ತೊಳೆದಿದ್ದರು. ಒಳಗೆ ಏನೂ ಇರಲಿಲ್ಲ. ಉಂಡರೋ, ಚೆಲ್ಲಿದರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಅಪ್ಪನ ಫೋನ್ ಬಂತು, ಆಯಿ ಹೋಗಿದ್ದಳು. ನಾನು ಚೀಲ ತುಂಬುತ್ತಿದ್ದಾಗ ಅಮ್ಮಚ್ಚಿ ಬಂದು, ದಾರಿಗೆಂದು ಬೇಯಿಸಿದ ನೇಂದ್ರ ಬಾಳೆಹಣ್ಣನ್ನು ಎಲೆಯಲ್ಲಿ ಕಟ್ಟಿಕೊಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು. ಖಾಲಿ ಬಟ್ಟಲೂ ನಿಜ, ಈ ಕೈಯೂ ನಿಜ. ಎರಡನ್ನೂ ಕೂಡಿಸಿ ಒಂದು ಉತ್ತರ ಬರೆದು ಸಹಿ ಹಾಕಲು ನನಗೆ ಇನ್ನೂ ಆಗಿಲ್ಲ.

ಬೆಳಗಾವಿಗೆ ರೈಲು, ಅಲ್ಲಿಂದ ಬಸ್ಸು. ದಡ್ಡಿ ತಲುಪುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ನಮ್ಮ ಮನೆ ಬುದ್ಧನ ದಾರಿ ಹಿಡಿದು ಎರಡು ತಲೆಮಾರಾಗಿದೆ. ಆದರೂ ಮೂರನೆಯ ದಿನ ಹೋದವರಿಗೆ ಸೇರುತ್ತಿದ್ದದ್ದನ್ನು ಸಮಾಧಿಯ ಗುಡ್ಡೆಯ ಮೇಲೆ ಇಡುವುದನ್ನು ಬಿಟ್ಟಿಲ್ಲ. ಶನಿವಾರ ಬೆಳಿಗ್ಗೆ ಹೊಳೆಯ ದಂಡೆಗೆ ಹೋದೆವು. ಅಪ್ಪ ಒಂದೊಂದಾಗಿ ಇಟ್ಟರು. ಬಟ್ಟಲಿನಲ್ಲಿ ಚಹಾ, ಹೋಳಿಗೆ, ತಂಬಾಕಿನ ಚಂಚಿ. ಆಮೇಲೆ ತಿರುಗಿ, ಆಕಿಗೆ ಸೇರೂದು ಇನ್ನೇನರ ಉಳಿದೈತೇನ್ರಿ ಎಂದು ಕೇಳಿದರು. ಕೇರಿಯ ಮಂದಿ ಇಪ್ಪತ್ತು ಜನ ಇದ್ದರು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನೆಲ ನೋಡಿದರು. ಯಾಕೆಂದರೆ ಮನೆಯ ಮಾಲಕರು ಆ ವಯಸ್ಸಿನಲ್ಲಿ ಗೋಕಾಕದಿಂದ ಬಸ್ಸು ಹತ್ತಿ, ಕೈಯಲ್ಲಿ ಹಾರ ಹಿಡಿದು ಬಂದು ನಿಂತಿದ್ದರು.

ಅವರೇ ಮಾತಾಡಿದರು. "ಅಜ್ಜೀಗೆ ಮೊಸರನ್ನ ಭಾಳ ಸೇರತಿತ್ತು ನೋಡ್ರಿ. ದಿನಾ ವಾಟಗಾ ಖಾಲಿ ಆಗಿ ಬರತಿತ್ತು." ಕಣ್ಣು ಒರೆಸಿಕೊಂಡು ಕೈಚೀಲದಿಂದ ಡಬ್ಬಿ ತೆಗೆದರು. ಆ ಮೊಸರನ್ನವನ್ನು ಇಷ್ಟು ದಿನ ಉಂಡದ್ದು ಅವ್ವ. ಅವ್ವ ಕೈ ಮುಗಿದು, ಹೌದ್ರಿ, ಭಾಳ ಸೇರತಿತ್ತು, ಎಂದಳು. ಮೊಸರನ್ನವನ್ನೂ ಇಟ್ಟೆವು.

ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ನೀ ಹೇಳವಾ ಆಕಿಗೆ. ಆಕಿ ಹೆಸರ್ಲೇ ಉಂಡಾಕಿ ನೀನ."

ಗುಡ್ಡೆಯ ಪಕ್ಕ ಕುಳಿತೆ. ಮಣ್ಣು ಇನ್ನೂ ಹಸಿಯಿತ್ತು. ಕನ್ನಡದಲ್ಲಿ ಬಾಯಿ ತೆರೆದರೆ ಹಿಂದಿನವರಿಗೆಲ್ಲ ಕೇಳುತ್ತದೆ. ಪಿಸುಗುಟ್ಟಬಹುದಿತ್ತು, ಆದರೆ ಅವಳು ಜೋರಾಗಿ ಎಂದಿದ್ದಳು. ಬಾಯಿ ತಾನಾಗಿ ಮಲಯಾಳಂ ಕಡೆಗೆ ಹೊರಳಿತು.

"ಇರಚ್ಚಿ ವೆಂದು, ಆಯೀ" ಎಂದೆ. "ನಲ್ಲ ರುಚಿ."

ಮಾಂಸ ಬೆಂದಿದೆ, ಒಳ್ಳೆಯ ರುಚಿ. ಹೊಳೆಯ ಆ ದಂಡೆಗೂ ಕೇಳುವಷ್ಟು ಗಟ್ಟಿಯಾಗಿ ಎರಡು ಸಲ ಹೇಳಿದೆ. ಹುಟ್ಟಿದ ಊರಿನ ಬಯಲಿನಲ್ಲಿ ನಾನು ಅದನ್ನು ದನಿಯೆತ್ತಿ ಹೇಳಿದ್ದು ಅದೇ ಮೊದಲು. ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಸುತ್ತ ನೋಡಲಿಲ್ಲ. ಮಾಲಕರು ಭಕ್ತಿಯಿಂದ ಕೈ ಮುಗಿದುಕೊಂಡು, ಏನಂತ ಹೇಳಿದಳು ಮಗಳು ಎಂದು ಅಪ್ಪನನ್ನು ಕೇಳಿದ್ದು ಕೇಳಿಸಿತು.

ಅಪ್ಪನಿಗೂ ತಿಳಿದಿರಲಿಲ್ಲ. "ಆಕಿ ಇರೂ ಊರಿನ ಮಂತ್ರ ಇರಬೇಕ್ರಿ" ಎಂದರು.

ಆಯಿಗೆ ಕನ್ನಡ ಬರುತ್ತಿತ್ತು. ಸಂತೆಗೆ ಸಾಲುವಷ್ಟು ಮರಾಠಿ ಬರುತ್ತಿತ್ತು. ಮಲಯಾಳಂನ ಒಂದು ಪದವೂ ಬರುತ್ತಿರಲಿಲ್ಲ.